ಹತ್ತಿಯ ವ್ಯಾನು ಇಳಿಜಾರಿನಲ್ಲಿ ನಿಂತದ್ದು

ಬೆಳಿಗ್ಗೆ ಹರಡಿದ ಹತ್ತಿಯನ್ನು ಸಂಜೆ ಬಾಚಿ ಎತ್ತಿದಾಗ ಅದು ಬೆಳಿಗ್ಗೆಗಿಂತ ಭಾರವಾಗಿತ್ತು. ದಿನವಿಡೀ ಉರಿಬಿಸಿಲು. ಒಂದು ಹನಿ ಮಳೆ ಬಿದ್ದಿರಲಿಲ್ಲ. ನಾನು ಗಂಡನನ್ನು ಕರೆದು ಒಂದು ಹಿಡಿ ಹತ್ತಿ ಅವರ ಕೈಗಿಟ್ಟೆ. ಅವರು ಅದನ್ನು ಹಿಂಡಿ, ಮೂಸಿ, ನಾಲಿಗೆಯ ತುದಿಗೂ ಮುಟ್ಟಿಸಿಕೊಂಡರು. "ಯಾರರೆ ಉಪ್ಪುನೀರ್ ಹೊಡದಾರೇನು?" ಎಂದು ಸುತ್ತ ನೋಡಿದರು. ಯಾರೂ ಹೊಡೆದಿರಲಿಲ್ಲ. ಗಾಳಿಯೇ ಹೊಡೆದಿತ್ತು.

ನಮ್ಮ ಗದಗ, ರೋಣದ ಕಡೆಯ ನೀವು ಇದನ್ನು ನಂಬಲಿಕ್ಕಿಲ್ಲ. ನಮ್ಮಲ್ಲಿ ಬಿಸಿಲಿಗೆ ಹಾಕಿದ್ದು ಒಣಗುತ್ತದೆ, ಅಷ್ಟೆ. ಬೈಂದೂರಿನಲ್ಲಿ ಒಣಗಿದ್ದು ಸಂಜೆಯ ಹೊತ್ತಿಗೆ ಮತ್ತೆ ನೆನೆಯುತ್ತದೆ. ಈ ಕರಾವಳಿಗೆ ಬಂದ ಒಂದನೆಯ ವಾರದಲ್ಲಿ ನಾವು ಕಲಿತದ್ದು ಇದು. ಎರಡನೆಯ ವಾರದಲ್ಲಿ ಕಲಿತದ್ದನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು.

ನಾವು ಹತ್ತಿ ಹಿಂಜುವವರು. ಗಂಡ ರಾಜೇಸಾಬ, ನಾನು, ಆಗ ನಾಲ್ಕು ವರ್ಷದ ಮಗಳು ರೇಶ್ಮಾ. ಹಳೆಯ ವ್ಯಾನಿನ ಹಿಂಭಾಗದಲ್ಲಿ ಹಿಂಜುವ ಯಂತ್ರ, ಅದನ್ನು ತಿರುಗಿಸಲು ಒಂದು ಸಣ್ಣ ಡೀಸೆಲ್ ಎಂಜಿನ್. ಯಂತ್ರವನ್ನು ನಾಲ್ಕು ದಪ್ಪ ಬೋಲ್ಟುಗಳಿಂದ ವ್ಯಾನಿನ ನೆಲಕ್ಕೆ ಬಿಗಿದಿದ್ದೆವು. ಯಂತ್ರಕ್ಕೂ ಮುಂದಿನ ಸೀಟಿಗೂ ನಡುವೆ ಇದ್ದ ಜಾಗವೇ ನಮ್ಮ ಮನೆ. ಒಂದು ಸ್ಟೋವ್, ಎರಡು ಟ್ರಂಕು, ಮಗಳ ತೊಟ್ಟಿಲನ್ನು ಬಿಚ್ಚಿ ಮಾಡಿದ ಒಂದು ಹಲಗೆ. ಊರೂರು ತಿರುಗಿ ಜನರ ಗಂಟುಗಟ್ಟಿದ ಗಾದಿ ಬಿಚ್ಚಿ, ಹತ್ತಿ ಹಿಂಜಿ, ಮತ್ತೆ ತುಂಬಿ ಹೊಲಿದು ಕೊಡುತ್ತಿದ್ದೆವು. ಹತ್ತು ವರ್ಷ ಹೀಗೆ ತಿರುಗುವುದು, ಆಮೇಲೆ ಊರಲ್ಲಿ ಒಂದು ಮನೆ ಕಟ್ಟಿ ಕೂರುವುದು ಎಂದು ಅವರು ತಮ್ಮ ಅಪ್ಪನ ಎದುರು ಹೇಳಿ ಹೊರಟಿದ್ದರು. ನಾವು ನಿಂತದ್ದು ನಾಲ್ಕನೆಯ ವರ್ಷದಲ್ಲಿ.

ವ್ಯಾನಿನಲ್ಲಿ ಯಾವಾಗಲೂ ಒಂದು ಕರಿಕಲ್ಲು ಇರುತ್ತಿತ್ತು. ಮಾವ ಎತ್ತಿನ ಗಾಡಿಯಲ್ಲಿ ಬಿಲ್ಲು ಕಟ್ಟಿಕೊಂಡು ಹತ್ತಿ ಹಿಂಜಲು ಹೋಗುತ್ತಿದ್ದ ಕಾಲದ್ದು. ಊರಿನ ಹಳ್ಳದಿಂದ ಎತ್ತಿದ ಕಲ್ಲು, ಸವೆದು ನುಣುಪಾಗಿತ್ತು. ಎಲ್ಲಿ ನಿಂತರೂ ಮೊದಲು ಗಾಲಿಗೆ ಆ ಕಲ್ಲು ಕೊಡಬೇಕು. ಬೇರೆ ಊರಿನ ಕಲ್ಲು ಕೊಡಬಾರದು, ಅದು ಮನೆತನದ ಪದ್ಧತಿ. ನಮ್ಮ ಎರೆಭೂಮಿಯಲ್ಲಿ ಅದನ್ನು ಇಟ್ಟು ಒಮ್ಮೆ ತುಳಿದರೆ ಮಣ್ಣಿನಲ್ಲಿ ಅರ್ಧ ಹೂತು ಕೂರುತ್ತಿತ್ತು. ಅದು ಹಿಡಿದದ್ದು ಕಲ್ಲಿನ ಗುಣದಿಂದಲ್ಲ, ಮಣ್ಣಿನ ಗುಣದಿಂದ ಎಂದು ನಮಗೆ ಗೊತ್ತಿರಲಿಲ್ಲ.

ಬೈಂದೂರಿನ ಹತ್ತಿರ ಗುಡ್ಡವು ಸಮುದ್ರದ ತನಕ ಬರುತ್ತದೆ. ಹೆದ್ದಾರಿಯಿಂದ ಕಡಲಿಗೆ ಇಳಿಯುವ ಓಣಿಗಳೆಲ್ಲ ಇಳಿಜಾರು. ಅಂಥ ಒಂದು ಓಣಿಯಲ್ಲಿ ಗಿರಿಜಕ್ಕನ ಮನೆ. ಗಿರಿಜಕ್ಕ ಮೀನು ಮಾರುವ ಹೆಂಗಸು, ಆಗ ಐವತ್ತರ ಹತ್ತಿರ. ಮಗಳ ಬಾಣಂತನಕ್ಕೆಂದು ಮೂರು ಹಳೆಯ ಹಾಸಿಗೆ ತೆಗೆದಿಟ್ಟು ನಮ್ಮನ್ನು ಕರೆದಿದ್ದರು. ಒಳಗೆ ಬೂರುಗದ ಹತ್ತಿ. ಗಿಡದ ಹತ್ತಿಯಲ್ಲ, ಮರದ್ದು. ಇಲ್ಲಿ ಅದೇ ಹೆಚ್ಚು. ಮುಟ್ಟಿದರೆ ಹಾರುತ್ತದೆ.

ವ್ಯಾನಿನ ಮೂತಿ ಇಳಿಜಾರಿನ ಕಡೆಗಿತ್ತು. ಅವರು ಹ್ಯಾಂಡ್‌ಬ್ರೇಕ್ ಎಳೆದರು, ಮುಂದಿನ ಗಾಲಿಗೆ ಕಲ್ಲು ಕೊಟ್ಟರು, ತುಳಿದರು. ಕಲ್ಲು ಹೂಳಲಿಲ್ಲ. ಕೆಳಗೆ ಮುರಕಲ್ಲು, ಅಂದರೆ ಇಲ್ಲಿಯ ಕೆಂಪು ಕಲ್ಲು, ಅದರ ಮೇಲೆ ಕಾಳಿನಂಥ ಹರಳು. ಇದನ್ನು ನಾನು ನೋಡಿದೆ. ನೋಡಿಯೂ ಹಾಸಿಗೆ ಬಿಚ್ಚಲು ಹೋದೆ. ರೇಶ್ಮಾ ಮುಂದಿನ ಸೀಟಿನಲ್ಲಿ ಮಲಗಿದ್ದಳು.

ಸುಮಾರು ಹನ್ನೊಂದು ಗಂಟೆ. ಯಂತ್ರ ನಡೆಯುವಾಗ ಇಡೀ ವ್ಯಾನು ನಡುಗುತ್ತದೆ. ಅವರು ಹಿಂದೆ ನೆಲದ ಮೇಲೆ ನಿಂತು ಹತ್ತಿ ಉಣಿಸುತ್ತಿದ್ದರು. ನಾನು ಹತ್ತು ಹೆಜ್ಜೆ ದೂರದಲ್ಲಿ ಕೂತು ಎರಡನೆಯ ಹಾಸಿಗೆಯ ಹೊಲಿಗೆ ಬಿಚ್ಚುತ್ತಿದ್ದೆ. ನಾನು ಮೊದಲು ಕಂಡದ್ದು ವ್ಯಾನು ಚಲಿಸಿದ್ದನ್ನಲ್ಲ. ಅವರ ಕೈಗೂ ಯಂತ್ರದ ಬಾಯಿಗೂ ನಡುವೆ ಒಂದು ಗೇಣು ಖಾಲಿ ಜಾಗ ಕಂಡಿತು. ಅವರು ಹತ್ತಿಯನ್ನು ಗಾಳಿಗೆ ಉಣಿಸುತ್ತಿದ್ದರು. ಆಮೇಲೆ ಅದು ಒಂದು ಮಾರಾಯಿತು. ನಾನು ಕೂಗಿದೆ, ಎಂಜಿನ್ನಿನ ಸದ್ದಿನಲ್ಲಿ ನನಗೇ ಕೇಳಲಿಲ್ಲ. ಅವರು ಓಡಿ ಬಾಗಿಲಿನ ಹಿಡಿಕೆ ಹಿಡಿದರು. ಹಿಡಿಕೆ ಅವರನ್ನೇ ನಾಲ್ಕು ಹೆಜ್ಜೆ ಎಳೆದು ಬಿಟ್ಟಿತು.

ಓಣಿಯ ಕೊನೆಗೆ ಗಿರಿಜಕ್ಕನ ಬಾವಿ. ಅದಕ್ಕೆ ಕಟ್ಟೆ ಇರಲಿಲ್ಲ. ಬಾವಿಗಿಂತ ಈಚೆ ಹಳೆಯ ಬಲೆಗಳ ಒಂದು ರಾಶಿ ಇತ್ತು, ಒಲೆಗೂ ಆಗದ, ಬಿಸಾಡಲೂ ಮನಸ್ಸಿಲ್ಲದ ನೈಲಾನ್ ಬಲೆ. ವ್ಯಾನು ಅದರೊಳಗೆ ನುಗ್ಗಿತು. ಗಾಲಿಗಳು ಬಲೆಯನ್ನು ಸುತ್ತಿಕೊಂಡವು, ವ್ಯಾನು ಓರೆಯಾಗಿ ತಿರುಗಿ ಮೂತಿ ಪಾಗಾರದ ಗೋಡೆಗೆ ಬಡಿದು ನಿಂತಿತು. ಆಮೇಲೆ ಅಳೆದಿದ್ದೇನೆ: ನಿಂತಿದ್ದ ಜಾಗದಿಂದ ಮೂವತ್ತೈದು ಹೆಜ್ಜೆ, ಅಲ್ಲಿಂದ ಬಾವಿಗೆ ಆರು.

ಬಾಗಿಲು ತೆಗೆದಾಗ ರೇಶ್ಮಾ ಸೀಟಿನ ಕೆಳಗೆ ಬಿದ್ದಿದ್ದಳು. ಹಣೆಯಲ್ಲಿ ಒಂದು ಬುಗುಟು. ಕಣ್ಣು ಉಜ್ಜಿಕೊಂಡು, "ಅವ್ವಾ, ಊರ್ ಬಂತೇನ?" ಎಂದಳು.

ನಾನು ಅಲ್ಲೇ ಅಳತೊಡಗಿದೆ. ಗಿರಿಜಕ್ಕ ಮಗುವನ್ನು ಎತ್ತಿಕೊಂಡು ತಲೆಯಿಂದ ಕಾಲಿನವರೆಗೆ ಒತ್ತಿ ನೋಡಿದರು, ಪೇಟೆಯಲ್ಲಿ ಮೀನಿನ ಮೈ ಒತ್ತಿ ನೋಡುವಂತೆಯೇ. "ಮರ್ಕಬೇಡ ಹೆಣೆ, ಮಗಿಗೆ ಎಂತ ಆಯ್ಲಿಲ್ಲೆ ಕಾಣ್," ಎಂದರು. ಮರ್ಕುವುದು ಎಂದರೆ ಅಳುವುದು. ಹೆಣೆ ಎಂದರೆ ಹುಡುಗಿ. ಈ ಊರಿನ ಮಾತಿನಲ್ಲಿ ನನಗೆ ಮೊದಲು ಅರ್ಥವಾದ ಎರಡು ಪದಗಳು ಅವೇ. ಅದಕ್ಕೆ ಮುಂಚೆ ಇವರ ಮಾತು ನನಗೆ ಬರಿಯ ಓಟದಂತೆ ಕೇಳುತ್ತಿತ್ತು.

ಆಮೇಲೆ ಅವರು ಕರಿಕಲ್ಲನ್ನು ಕಾಲಿನಿಂದ ಉರುಳಿಸಿ ನನ್ನ ಗಂಡನ ಕಡೆ ತಿರುಗಿದರು. "ಹ್ವಾಯ್, ಇದ್ ಎಲ್ಲಿಂದ್ ತಂದ್ರಿ?"

"ನಮ್ಮ ಊರಿಂದ್ರಿ ಅಕ್ಕಾರ."

"ಊರ್ ತುಂಬ ಮುರಕಲ್ಲ್ ಇಪ್ಪತಿಗೆ ನಿಮ್ಗೆ ಗದಗಿನ ಕಲ್ಲೇ ಬೇಕಾಯ್ತಾ? ಇದ್ರ ಮೈ ಕಾಣಿ, ಬಂಗ್ಡಿ ಮೀನಿನ ಹಾಂಗೆ ಜಾರತ್. ಮರ್ಲಾ ನಿಮ್ಗೆ?"

ಮರ್ಲು ಎಂದರೆ ಹುಚ್ಚು. ಅದನ್ನು ಯಾರೂ ವಿವರಿಸಬೇಕಾಗಲಿಲ್ಲ.

ವ್ಯಾನನ್ನು ಕುಂದಾಪುರದ ಗ್ಯಾರೇಜಿಗೆ ಎಳೆದುಕೊಂಡು ಹೋದರು. ಅಷ್ಟು ದಿನ ಗಿರಿಜಕ್ಕ ತಮ್ಮ ಬಲೆ ಕೋಣೆಯನ್ನು ನಮಗೆ ಬಿಟ್ಟುಕೊಟ್ಟರು. ಹಂಚಿನ ಮಾಡು, ಮುರಕಲ್ಲಿನ ಗೋಡೆ, ಒಂದು ಕಿಟಕಿ. ನಾಲ್ಕು ವರ್ಷದ ನಂತರ ನಾನು ನಡುಗದ ನೆಲದ ಮೇಲೆ ಮಲಗಿದೆ. ಒಂಟಿತನ ಎಂದರೇನೆಂದು ತಿಳಿದದ್ದೂ ಅಲ್ಲಿಯೇ. ದಾರಿಯಲ್ಲಿರುವಾಗ ಯಾರೂ ನಮ್ಮವರಲ್ಲ ಎನ್ನುವುದು ಸಹಜ, ನಾಳೆ ಹೊರಡುವವರು ತಾನೆ. ಒಂದೇ ಜಾಗದಲ್ಲಿ ಎಂಟು ದಿನ ಕೂತಾಗ ಯಾರಾದರೂ ಹೆಸರು ಹಿಡಿದು ಕರೆಯಲಿ ಎನಿಸುತ್ತದೆ. ನಾನು ಟ್ರಂಕಿನಿಂದ ಜೋಳದ ಹಿಟ್ಟು ತೆಗೆದು ರೊಟ್ಟಿ ಬಡಿದು ಗಿರಿಜಕ್ಕನಿಗೆ ಕೊಟ್ಟೆ. ಅವರು ಬಹಳ ಹೊತ್ತು ಅಗಿದು, "ಇದ್ ಉಂಬುದಾ, ಹಲ್ಲಿಗೆ ಕೆಲ್ಸ ಕೊಡುದಾ?" ಎಂದರು. ಮರುದಿನ ಅವರು ಕೊಟ್ಟ ಕುಚ್ಚಲಕ್ಕಿ ಗಂಜಿ ಕುಡಿದು ರೇಶ್ಮಾ, "ಇದನ್ನ ಅಗಿಯೂದಽ ಇಲ್ಲೇನ?" ಎಂದಳು. ಇಬ್ಬರ ದೂರೂ ಸರಿಯಾಗಿತ್ತು.

ವ್ಯಾನು ರಿಪೇರಿಯಾಗಿ ಬಂತು. ಬೆಳಿಗ್ಗೆ ಅವರು ಎಂಜಿನ್ ಹಚ್ಚಿದರು, ರೇಶ್ಮಾ ಹಾರಿ ಹತ್ತಿದಳು. ನಾನು ಮೆಟ್ಟಿಲಿನ ಮೇಲೆ ಒಂದು ಕಾಲಿಟ್ಟೆ. ಇನ್ನೊಂದು ಕಾಲು ನೆಲ ಬಿಡಲಿಲ್ಲ. ಬಿಡಬಾರದೆಂದು ನಾನು ಹಟ ಮಾಡಲಿಲ್ಲ. ಅದು ಮೇಲೇಳಲಿಲ್ಲ, ಅಷ್ಟೆ. ಅವರು ನೋಡಿದರು, ಎಂಜಿನ್ ಆರಿಸಿದರು. "ನಾಳಿಗಿ ಹೊಂಡೋಣ," ಎಂದರು. ಮರುದಿನವೂ ಹಾಗೇ ಆಯಿತು. ಐದನೆಯ ದಿನ ಗಿರಿಜಕ್ಕ ಮೀನಿನ ಬುಟ್ಟಿ ಹೊತ್ತು ಹೊರಟವರು ನಿಂತು, "ನಿಮ್ಮ್ ವ್ಯಾನ್ ದಿನಾ ಬೆಳಿಗ್ಗೆ ಕೋಳಿ ಹಾಂಗೆ ಕೂಗತ್. ಕೂಗಿ ಅಲ್ಲೇ ಕೂಕಂತ್," ಎಂದು ನಕ್ಕರು.

ನನ್ನ ಗಂಡ ನಗಲಿಲ್ಲ. "ಹತ್ತ್ ವರ್ಷ ಅಂತ ಅಪ್ಪನ ಮುಂದ ಹೇಳಿ ಬಂದೀನಿ, ಫಾತಿಮಾ," ಎಂದರು. "ನಿಂತ್ರ ಮನಿ ಹೆಂಗ ಕಟ್ಟೂದು? ಊರಾಗ ಏನಂತ ಹೇಳ್ಲಿ?"

ಹೊರಡದಿದ್ದರೆ ಆ ಮನೆ ಇಲ್ಲ. ಹೊರಡಲು ನನ್ನ ಕಾಲು ಬರುವುದಿಲ್ಲ. ಇದು ನನ್ನೊಬ್ಬಳ ಅಳುಕು ಎಂದೇ ನಾನೂ ತಿಳಿದಿದ್ದೆ.

ಆ ಮಧ್ಯಾಹ್ನ ಅವರು ಗಿರಿಜಕ್ಕನ ಉಳಿದ ಎರಡು ಹಾಸಿಗೆ ಮುಗಿಸೋಣವೆಂದು ಯಂತ್ರ ಹಚ್ಚಿದರು. ಈ ಸಲ ವ್ಯಾನು ಅಂಗಳದ ಸಮ ಜಾಗದಲ್ಲಿತ್ತು. ನಾಲ್ಕೂ ಗಾಲಿಗೆ ಮುರಕಲ್ಲು ಕೊಟ್ಟಿದ್ದರು. ನಾನು ನೋಡುತ್ತ ಕೂತೆ. ಅವರು ಬಲಗೈಯಿಂದ ಹತ್ತಿ ಉಣಿಸುತ್ತಿದ್ದರು. ಎಡಗೈ ವ್ಯಾನಿನ ಬಾಗಿಲನ್ನು ಹಿಡಿದಿತ್ತು. ಬೆರಳ ಗೆಣ್ಣುಗಳು ಬಿಳಿಚಿಕೊಂಡಿದ್ದವು. ಹತ್ತಿ ಹಿಂಜಲು ಎರಡೂ ಕೈ ಬೇಕು. ಒಂದು ಹರಡಬೇಕು, ಒಂದು ನೂಕಬೇಕು. ಯಂತ್ರ ಗಂಟು ಗಂಟಾಗಿ ಉಗುಳುತ್ತಿತ್ತು. ಅವರಿಗೆ ಅದು ಗೊತ್ತೇ ಆಗಿರಲಿಲ್ಲ.

ನಾನು ಎದ್ದು ಹೋಗಿ ಆ ಎಡಗೈಯ ಮೇಲೆ ಕೈಯಿಟ್ಟೆ. ಅವರು ತಮ್ಮ ಕೈಯನ್ನು ತಾವೇ ಮೊದಲ ಸಲ ನೋಡಿದಂತೆ ನೋಡಿದರು. ಎಂಜಿನ್ ಆರಿಸಿದರು. "ಹದಿನಾರು ನಂಬರ್ ಪಾನಾ ಎಲ್ಲೈತಿ?" ಎಂದು ಕೇಳಿದರು. ನಾಲ್ಕು ಬೋಲ್ಟು ಬಿಚ್ಚಲು ಸಂಜೆಯಾಯಿತು. ತುಕ್ಕು ಹಿಡಿದಿದ್ದವು.

ಗಿರಿಜಕ್ಕನ ಒಪ್ಪಿಗೆ ಪಡೆದು ಯಂತ್ರವನ್ನು ಬಲೆ ಕೋಣೆಯ ನೆಲಕ್ಕೆ ಸಿಮೆಂಟು ಹಾಕಿ ಕೂರಿಸಿದೆವು. ಎಲ್ಲವೂ ಸಲೀಸಾಯಿತೆಂದಲ್ಲ. ಬೈಂದೂರು ಪೇಟೆಯವರೊಬ್ಬರು ನಾವು ಮಾಡಿಕೊಟ್ಟ ಮೊದಲ ಹಾಸಿಗೆಯನ್ನು ಮೂರೇ ದಿನದಲ್ಲಿ ರಿಕ್ಷಾದಲ್ಲಿ ವಾಪಸು ತಂದರು. "ಹೆಂಗ್ಸ್ ಕೇಂತ್ಳ್, ಮಲ್ಗುದ್ ಹಾಸ್ಗಿ ಮೇಲಾ, ದೋಣಿ ಮೇಲಾ ಅಂದೇಳಿ," ಎಂದರು. ಕೋಣೆಯಲ್ಲಿದ್ದ ಮೀನಿನ ವಾಸನೆಯನ್ನೆಲ್ಲ ಹತ್ತಿ ಹೀರಿತ್ತು. ಮೂರು ಸಲ ಸುಣ್ಣ ಬಳಿದು ಗೋಡೆಯ ವಾಸನೆ ತೆಗೆದೆವು.

ಹತ್ತಿ ಒಣಗಿಸುವುದನ್ನು ಕಲಿಸಿದವರು ಗಿರಿಜಕ್ಕ. ಅವರು ಅಂಗಳದ ಆ ಬದಿಯಲ್ಲಿ ಮೀನು ಒಣಗಿಸುತ್ತಿದ್ದರು, ನಾನು ಈ ಬದಿಯಲ್ಲಿ ಹತ್ತಿ. ಒಂದು ದಿನ ಅವರು ಮೀನು ಬಾಚುತ್ತ, "ಹೆಣೆ, ಗಂಟೆ ಎಂತಕ್ ಕಾಂತೆ? ತೆಂಗಿನ ಗರಿ ಕಾಣ್. ಅದ್ ಗುಡ್ಡಿ ಬದಿಗ್ ಬಗ್ಗಿ ನಿಂತ್ರೆ ಕಡ್ಲ್ ಗಾಳಿ ಜೋರಾಯ್ತ್ ಅಂದೇಳಿ. ಮತ್ತೆ ಒಣ್ಗುದಿಲ್ಲೆ," ಎಂದರು. ಅಂದಿನಿಂದ ನಾನು ಗರಿ ನೋಡಿ ಹತ್ತಿ ಎತ್ತುತ್ತೇನೆ. ಈಗ ಕೋಟೇಶ್ವರ, ಸಾಲಿಗ್ರಾಮದಿಂದಲೂ ಜನ ಹಾಸಿಗೆ ತರುತ್ತಾರೆ. ದಾರಿಯಲ್ಲಿದ್ದಾಗ ಜನರ ಮನೆಗೆ ನಾವು ಹೋಗುತ್ತಿದ್ದೆವು. ಈಗ ಜನ ನಮ್ಮನ್ನು ಹುಡುಕಿ ಬರುತ್ತಾರೆ. ಮನೆಯ ವಿಳಾಸವನ್ನು ಹೇಳುವಾಗ ನನಗೆ ಇವತ್ತಿಗೂ ಸಣ್ಣ ಖುಷಿಯಾಗುತ್ತದೆ.

ಮಾವ ಒಮ್ಮೆ ಬಂದು ನೋಡಿದರು. ಯಂತ್ರದ ಸುತ್ತ ಎರಡು ಸುತ್ತು ಹಾಕಿದರು, ಕಾಲಿನಿಂದ ಸಿಮೆಂಟು ಒದ್ದು ನೋಡಿದರು. "ಗಟ್ಟಿ ಐತಿ," ಎಂದರು. ಹತ್ತು ವರ್ಷದ ಮಾತು ಎತ್ತಲಿಲ್ಲ. ಅವರ ಕರಿಕಲ್ಲು ಈಗ ಅಂಗಳದಲ್ಲಿ ಹತ್ತಿಯ ಮೇಲಿನ ಬಟ್ಟೆ ಹಾರದಂತೆ ಅದರ ಮೇಲೆ ಕೂತಿದೆ. ಅದನ್ನೂ ಕಾಲಿನಿಂದ ಒತ್ತಿ ನೋಡಿದರು.

ಊರಲ್ಲಿ ಮನೆ ಕಟ್ಟಲಾಗಲಿಲ್ಲ. ರೇಶ್ಮಾ ಇಲ್ಲಿಯ ಹೈಸ್ಕೂಲಿಗೆ ಹೋಗುತ್ತಾಳೆ. "ಅವ್ವಾ, ನಾ ಹೋಯ್ ಬತ್ತೆ," ಎಂದು ಓಡುತ್ತಾಳೆ. 'ಅವ್ವಾ' ನಮ್ಮೂರಿನದು, ಉಳಿದದ್ದು ಗಿರಿಜಕ್ಕನದು. ಬಾವಿಗೆ ಈಗ ಕಟ್ಟೆ ಇದೆ. ಅದನ್ನು ಕಟ್ಟಿದವರು ನನ್ನ ಗಂಡ.

ವ್ಯಾನನ್ನು ಮಾರಲಿಲ್ಲ. ವರ್ಷಕ್ಕೊಮ್ಮೆ ಮೊಹರಮ್ಮಿಗೆ ಅದರಲ್ಲಿಯೇ ಊರಿಗೆ ಹೋಗುತ್ತೇವೆ. ನನ್ನ ಎರಡೂ ಕಾಲು ಈಗ ಮೆಟ್ಟಿಲು ಹತ್ತುತ್ತವೆ, ಆದರೆ ಮೊದಲು ಗಾಲಿಯ ಕೆಳಗೆ ಏನಿದೆ ಎಂದು ನೋಡಿಯೇ. ಯಂತ್ರ ಇದ್ದ ಜಾಗದಲ್ಲಿ ನಾಲ್ಕು ತೂತು ಹಾಗೇ ಇವೆ. ಅದರ ಮೇಲೆ ಒಂದು ಬಿಳಿಯ ಚಾದರ ಹಾಸಿ ಕೂರುತ್ತೇವೆ. ಹೋಗುವಾಗ ಇಲ್ಲಿಯ ಓಣಿಗಳ ಕೆಂಪು ದೂಳು ತೂತುಗಳಿಂದ ಎದ್ದು ಚಾದರದ ಮೇಲೆ ನಾಲ್ಕು ಉಂಗುರ ಮೂಡಿಸುತ್ತದೆ. ಬರುವಾಗ ನಮ್ಮೂರಿನ ಕರಿ ದೂಳು ಅದರ ಮೇಲೆಯೇ ಕೂರುತ್ತದೆ.

ಪ್ರತಿ ಸಲ ಗ್ಯಾರೇಜಿನವನು ಆ ತೂತುಗಳಿಗೆ ತಗಡು ಬೆಸೆದು ಕೊಡಲೇ ಎಂದು ಕೇಳುತ್ತಾನೆ. ಅವರು ನನ್ನ ಮುಖ ನೋಡುತ್ತಾರೆ. ಯಂತ್ರದ ನಾಲ್ಕು ಬೋಲ್ಟುಗಳನ್ನು ಅವರು ಎಣ್ಣೆ ಸವರಿ ಒಂದು ಡಬ್ಬಿಯಲ್ಲಿ ಇಟ್ಟಿರುವುದು ನನಗೆ ಗೊತ್ತಿದೆ ಎಂದು ಅವರಿಗೂ ಗೊತ್ತು.

"ಇರ್ಲಿ ಬಿಡ್ರಿ," ಎನ್ನುತ್ತೇನೆ. ಮನೆಗೆ ಬಂದು ಚಾದರವನ್ನು ಬಾವಿಯ ಕಟ್ಟೆಯ ಪಕ್ಕ ಕೊಡವುತ್ತೇನೆ. ಒಗೆದು ಹರವುತ್ತೇನೆ. ತೆಂಗಿನ ಗರಿ ಬಗ್ಗುವ ಮೊದಲು ತೆಗೆಯಬೇಕು.