ದೊಡ್ಡದೊಂದು ಬರ್ತಾ ಇದೆ

ತಿತಿಮತಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಲೋಹಿತನಿಗೆ ನೆಂಟರ ಮದುವೆಯ ತಾರೀಖು ನೆನಪಿರುವುದಿಲ್ಲ, ಆದರೆ ಲೋಕದ ಯಾವ ವಿಡಿಯೋ ಗೇಮ್ ಯಾವಾಗ ಬಿಡುಗಡೆಯೆಂಬುದು ಬಾಯಿಪಾಠ. ಒಡೆದ ಡಿಸ್‌ಪ್ಲೇ ಬದಲಿಸುತ್ತಲೇ ಅವನು ಗೇಮ್ ಕಂಪನಿಗಳ ಮನಸ್ಸಿನೊಳಗೆ ಹೊಕ್ಕು ಬರುತ್ತಾನೆ. "ಮಾರ್ಚ್ ಒಳಗೆ ಅಂದ್ರೆ ಅವರ ಲೆಕ್ಕದ ವರ್ಷ ಮುಗಿಯೋದ್ರೊಳಗೆ ಅಂತ. ಬರೀ ‘ಸದ್ಯದಲ್ಲೇ’ ಅಂದ್ರೆ ಇನ್ನೂ ಅರ್ಧ ಕೆಲಸನೂ ಆಗಿಲ್ಲ ಅಂತ." ನನ್ನ ಫೋನ್ ಯಾವಾಗ ಸಿಗುತ್ತದೆಂದು ಕೇಳಿದರೂ ‘ಸದ್ಯದಲ್ಲೇ’ ಎನ್ನುತ್ತಾನೆ. ದೊಡ್ಡ ಗೇಮ್ ತಾರೀಖು ಹೇಳಿದ ಕೂಡಲೇ ಸಣ್ಣ ಗೇಮಿನವರೆಲ್ಲ ಆ ವಾರ ಬಿಟ್ಟು ಯಾಕೆ ಹಿಂದೆ ಸರಿಯುತ್ತಾರೆಂದು ಒಮ್ಮೆ ವಿಚಾರಿಸಿದೆ. "ಆನೆ ರೋಡಿಗೆ ಬಂದಾಗ ನೀವು ಸ್ಕೂಟರ್ ನಿಲ್ಲಿಸಲ್ವಾ ಸರ್, ಹಂಗೇ" ಎಂದ. ಇಷ್ಟು ತಿಳಿದವನು ತಾನೂ ಒಂದು ಗೇಮ್ ಮಾಡಿಟ್ಟಿದ್ದಾನೆ, ಕಾಫಿ ತೋಟಕ್ಕೆ ನುಗ್ಗಿದ ಆನೆಯನ್ನು ಕಾಡಿಗೆ ಅಟ್ಟುವ ಆಟ. ಅದು ಮುಗಿದ ಮೇಲೆ ಎಷ್ಟೋ ಕಾಫಿ ಕೊಯ್ಲಿನ ಸೀಸನ್ ಕಳೆದವು, ಬಿಡುಗಡೆಗೆ ಅವನಿಗಿನ್ನೂ ಖಾಲಿ ವಾರ ಸಿಕ್ಕಿಲ್ಲ. ಯಾವಾಗ ಕೇಳಿದರೂ ಒಂದೇ ಮಾತು: "ಈ ವಾರ ಬೇಡ ಸರ್, ದೊಡ್ಡದೊಂದು ಬರ್ತಾ ಇದೆ." ಇದುವರೆಗೆ ಅದನ್ನು ಆಡಿದವರು ಅವನ ತಾಯಿ ಚಲುವಮ್ಮ ಒಬ್ಬರೇ. ಮೊನ್ನೆ ಮಗನಿಗೆ ಊಟ ತಂದವರು ಅಂಗಡಿಯ ಸ್ಟೂಲಿನ ಮೇಲೆ ಕೂತು, ಒಂದು ಸುತ್ತು ಆಡಿ ಮುಗಿಸಿ, ಮೊಬೈಲನ್ನು ಅವನ ಮುಂದೆ ಇಟ್ಟರು. "ಆನೆ ಯಾವ ಗಿಡದ ಸಾಲಿಂದ ಬರ್ತದೆ ಅಂತ ನಂಗೆ ಗೊತ್ತಾಗೋಗಿದೆ ಮಗ. ಹೆದರಿಕೆನೇ ಆಗಲ್ಲ. ಇನ್ನು ಬೇರೆ ಯಾರಿಗಾದ್ರೂ ಕೊಡು."