ಠಾಣೆಯಿಂದ ಕಲ್ಯಾಣದವರೆಗೆ ಒಂದೇ ಉಸಿರು

ಅವರ ಎಡಸೊಂಟದಲ್ಲಿ, ಸೀರೆಯ ಮಡಿಕೆಯೊಳಗೆ, ನೀಲಿ ಬಣ್ಣದ ಇನ್‌ಹೇಲರ್ ಸದಾ ಸಿಕ್ಕಿಕೊಂಡಿರುತ್ತಿತ್ತು. ಬಲಗೈಯಲ್ಲಿ ಮೊಣಕೈವರೆಗೆ ಉದ್ದಿನ ಹಿಟ್ಟು ಒಣಗಿರುತ್ತಿತ್ತು. ಮೆಟ್ಟಿಲು ಹತ್ತುವಾಗ ಎದೆಯೊಳಗಿಂದ ಸಣ್ಣ ಸಿಳ್ಳೆ ಕೇಳಿಸುತ್ತಿದ್ದುದರಿಂದ ಅವರು ಬರುವುದು ಒಂದು ಮಹಡಿ ಮೊದಲೇ ಗೊತ್ತಾಗುತ್ತಿತ್ತು. ಮುಂಬೈ ಪಕ್ಕದ ಠಾಣೆ ಊರಿನ ಕೋಪರಿಯಲ್ಲಿರುವ ನಮ್ಮ ಕಟ್ಟಡಕ್ಕೆ ಲಿಫ್ಟ್ ಇಲ್ಲ. ಮೂರನೇ ಮಹಡಿಯಲ್ಲಿ ನಮ್ಮ ಎದುರುಮನೆಯಲ್ಲೇ ದೋಸೆಹಿಟ್ಟು ರುಬ್ಬಿ ಮಾರುತ್ತಿದ್ದ ಅವರನ್ನು ಎಲ್ಲರೂ ಹಿಟ್ಟಿನಕ್ಕ ಎನ್ನುತ್ತಿದ್ದರು. ಉಡುಪಿ ಕಡೆಯವರು, ಬಾಯಿ ಜೋರು. ಹಿಟ್ಟು ಹುಳಿಯಾಯಿತೆಂದು ದೂರಲು ಹೋದವರು, "ಮನೇಲಿ ಫ್ರಿಜ್ ಇಟ್ಟದ್ದು ಎಂತಕ್ಕೆ, ಪೂಜೆಗಾ?" ಎಂದು ಕೇಳಿಸಿಕೊಂಡು, ಇನ್ನೊಂದು ಪೊಟ್ಟಣ ಕೊಂಡುಕೊಂಡೇ ಬರುತ್ತಿದ್ದರು.

ಅವರಿಗೊಂದು ಹುಚ್ಚಿತ್ತು. ಮೆಟ್ಟಿಲಲ್ಲಿ ಯಾರಾದರೂ ಏದುಸಿರು ಬಿಟ್ಟರೆ ಸಾಕು, ತಡೆದು ನಿಲ್ಲಿಸಿ, "ಠಾಣೆಯಿಂದ ಕಲ್ಯಾಣದವರೆಗೆ ಸ್ಟೇಷನ್ ಹೆಸರು ಹೇಳಿ ನೋಡುವ, ಒಂದೇ ಉಸಿರಲ್ಲಿ" ಎನ್ನುತ್ತಿದ್ದರು. ನಾನು ಆಫೀಸಿನಿಂದ ಸೋತು ಬಂದಾಗಲೂ ಬಿಡುತ್ತಿರಲಿಲ್ಲ. ಠಾಣೆ, ಕಳವಾ, ಮುಂಬ್ರಾ, ದಿವಾ, ಕೋಪರ್, ಡೊಂಬಿವಲಿ, ಠಾಕುರ್ಲಿ, ಕಲ್ಯಾಣ ಎಂದು ಒದರಿದರೆ, "ಹೋಗು, ನಿನಗೆ ಏನೂ ಆಗ್ಲಿಲ್ಲ" ಎಂದು ದಾರಿ ಬಿಡುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು.

ನಮ್ಮ ಮನೆಯಲ್ಲಿ ಇನ್ನೊಂದು ಬಗೆಯ ಹುಚ್ಚು. ಅಪ್ಪ ಬಾಗಲಕೋಟೆಯವರು, ಭಿವಂಡಿಯ ಬಟ್ಟೆ ಗೋದಾಮಿನಲ್ಲಿ ಲೆಕ್ಕ ಬರೆದು ನಿವೃತ್ತರಾದವರು. ಮೊದಲು ಡೊಂಬಿವಲಿಯಲ್ಲಿದ್ದೆವು. ಅಲ್ಲಿದ್ದ ಕನ್ನಡದ ಡಾಕ್ಟರನ್ನು ಕೋಪರಿಗೆ ಬಂದ ಮೇಲೂ ಅಪ್ಪ ಬಿಡಲಿಲ್ಲ. ಕನ್ನಡದಲ್ಲಿ ಹೇಳಿಕೊಂಡರೇ ಜ್ವರ ಇಳಿಯುತ್ತದೆಂಬ ನಂಬಿಕೆ. ಮನೆ ಹತ್ತಿರವೇ ಎರಡು ಆಸ್ಪತ್ರೆಗಳಿದ್ದರೂ, ಅವುಗಳ ಮುಂದೆಯೇ ನಡೆದು ಹೋಗಿ, ಲೋಕಲ್ ರೈಲು ಹತ್ತಿ ಡೊಂಬಿವಲಿಗೆ ಹೋಗುತ್ತಿದ್ದೆವು. ಡಾಕ್ಟರು ಭಾನುವಾರವೂ ಸಂಜೆ ಆರಕ್ಕೆ ಕ್ಲಿನಿಕ್ಕಿಗೆ ಬರುತ್ತಿದ್ದರು.

ಒಂದು ಭಾನುವಾರ ಊಟವಾದ ಮೇಲೆ ಅಪ್ಪನಿಗೆ ಉಸಿರು ಕಟ್ಟತೊಡಗಿತು. ಮಲಗಿದರೆ ಆಗದು, ಎದ್ದು ಕೂತರೆ ಬೆವರು. "ಗ್ಯಾಸ್ ಆಗಿರ್ಬೇಕು" ಎಂದು ಅಮ್ಮ ಅಜವಾನದ ನೀರು ಕುದಿಸಲು ಇಟ್ಟಳು. ಗಡಿಯಾರ ಮೂರು ತೋರಿಸುತ್ತಿತ್ತು. ಅಪ್ಪ ಕೈ ಆಡಿಸಿ, "ಆರಕ್ಕ... ಡಾಕ್ಟರ್... ಬರ್ತಾರ" ಎಂದರು. ನಾನೂ ತಲೆಯಾಡಿಸಿದೆ. ಅದನ್ನು ನೆನೆದರೆ ಇಂದಿಗೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಹಿಟ್ಟು ಕೊಡಲು ಬಂದ ಅಕ್ಕ ಬಾಗಿಲಲ್ಲೇ ನಿಂತರು.

"ಅಣ್ಣಾ, ಸ್ಟೇಷನ್ ಹೇಳಿ."

"ಠಾಣೆ..." ಅಪ್ಪ ಉಸಿರೆಳೆದರು. "ಕಳವಾ..." ಮುಂದೆ ಬಾಯಿ ತೆರೆದೇ ಇತ್ತು, ಮಾತು ಬರಲಿಲ್ಲ.

ಅಕ್ಕ ಹಿಟ್ಟಿನ ಡಬ್ಬಿಯನ್ನು ನೆಲಕ್ಕಿಟ್ಟರು. "ತುಟಿ ನೋಡು, ನೀಲಿ ಆಗ್ತಾ ಉಂಟು. ೧೦೮ಕ್ಕೆ ಫೋನ್ ಮಾಡು. ಈಗಲೇ!"

"ಡೊಂಬಿವಲಿ ಡಾಕ್ಟರಿಗೆ ಮೊದಲು ಕೇಳ್ತೀನಿ" ಎಂದೆ.

"ಎರಡು ಸ್ಟೇಷನ್ ದಾಟ್ಲಿಕ್ಕೆ ಆಗದವರನ್ನು ಡೊಂಬಿವಲಿಗೆ ಹೇಗೆ ಕರ್ಕೊಂಡು ಹೋಗ್ತಿ ಮಾರಾಯ್ತಿ?"

ನಾನು ಫೋನ್ ಮಾಡುವಷ್ಟರಲ್ಲಿ ಅವರು ಅಪ್ಪನನ್ನು ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ, ಅಂಗಿಯ ಗುಂಡಿ ಬಿಚ್ಚಿ, ಕಿಟಕಿ ತೆರೆದಿದ್ದರು. ಅಮ್ಮ ತಂದ ಲೋಟವನ್ನು ತಡೆದರು: "ಈಗ ಏನೂ ಕುಡಿಲಿಕ್ಕೆ ಕೊಡ್ಬೇಡಿ, ಗಂಟಲಲ್ಲಿ ಸಿಕ್ಕೀತು." ಅಮ್ಮ ಅಳುತ್ತಾ, "ನಿಮ್ಮ ಸೊಂಟದಾಗಿನ ಪಂಪ್ ಆದ್ರೂ ಕೊಡ್ರಿ" ಎಂದಾಗ, "ಇದು ನನ್ನ ರೋಗದ ಮದ್ದು, ಅಣ್ಣನಿಗೆ ಎಂತ ಆಗಿದೆ ಅಂತ ನನಗೆ ಗೊತ್ತಿಲ್ಲ" ಎಂದರು. ಅಪ್ಪ ಎದ್ದು ನಡೆಯಲು ಹೊರಟರು. ಅಕ್ಕ ಬಿಡಲಿಲ್ಲ. ಮಹಡಿ ಮಹಡಿಗೂ ಕೇಳುವಂತೆ ಮರಾಠಿಯಲ್ಲಿ ಕೂಗಿ ನಾಲ್ವರು ಗಂಡಸರನ್ನು ಕರೆಸಿ, ಆಂಬುಲೆನ್ಸ್ ಬಂದ ಕೂಡಲೇ ಕುರ್ಚಿ ಸಮೇತ ಅಪ್ಪನನ್ನು ಇಳಿಸಿದರು. ಮೆಟ್ಟಿಲ ತಿರುವಿನಲ್ಲಿ ಯಾರದೋ ಚಪ್ಪಲಿ ಸ್ಟ್ಯಾಂಡು ಅಡ್ಡವಿತ್ತು. ಅಕ್ಕ ಅದನ್ನು ಕಾಲಿನಿಂದಲೇ ತಳ್ಳಿದರು.

ಅಪ್ಪನ ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಆರರವರೆಗೆ ಕಾದಿದ್ದರೆ ಉಳಿಯುತ್ತಿರಲಿಲ್ಲ ಎಂದರು ಆಸ್ಪತ್ರೆಯ ಡಾಕ್ಟರು. ಅವರು ಹೇಳಿದ್ದು ಮರಾಠಿಯಲ್ಲಿ. ನನಗೆ ಚೆನ್ನಾಗಿಯೇ ಅರ್ಥವಾಯಿತು.

ಐಸಿಯು ಹೊರಗಿನ ಬೆಂಚಿನಲ್ಲಿ ಅಕ್ಕ ತಮ್ಮ ಗಂಡನ ಮಾತು ತೆಗೆದರು. ಅವರು ವಾಗ್ಳೆ ಎಸ್ಟೇಟಿನ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅಡುಗೆಯವರಾಗಿದ್ದರು, ಅಸ್ತಮಾ ಇತ್ತು. "ಅವರೂ ಹೀಗೇ ಒಂದೊಂದೇ ಮಾತು ಆಡ್ತಿದ್ರು. ನಾನು ಕಷಾಯ ಮಾಡಿದೆ, ಬೆನ್ನಿಗೆ ಎಣ್ಣೆ ಉಜ್ಜಿದೆ. ಆಮೇಲೆ ಸಿಳ್ಳೆ ನಿಂತಿತು. ಆರಾಮ ಆಯ್ತು, ನಿದ್ದೆ ಬಂತು ಅಂದ್ಕೊಂಡು ಹೊದಿಸಿ ಬಂದೆ. ಮತ್ತೆ ಏಳ್ಲಿಲ್ಲ. ಉಸಿರು ಹೋಗ್ಲಿಕ್ಕೇ ಜಾಗ ಇರ್ಲಿಲ್ಲ, ಅದಕ್ಕೆ ಸದ್ದು ನಿಂತದ್ದು." ಕೈಯಲ್ಲಿ ಒಣಗಿದ ಹಿಟ್ಟನ್ನು ಉಗುರಿನಿಂದ ಕೆರೆಯುತ್ತಾ, "ಇನ್ನೊಂದು ಮನೇಲಿ ಹೀಗೆ ಆಗ್ಲಿಕ್ಕೆ ನಾನು ಬಿಡುದಿಲ್ಲ" ಎಂದರು.

ಅಪ್ಪ ಮನೆಗೆ ಬಂದ ಮೇಲೆ ದಿನವೂ ಬೆಳಿಗ್ಗೆ ಎದುರುಬಾಗಿಲಿಗೆ ಹೋಗಿ ವರದಿ ಒಪ್ಪಿಸತೊಡಗಿದರು. ಮೊದಲ ವಾರ ದಿವಾ ದಾಟಲಿಲ್ಲ. ತಿಂಗಳಲ್ಲಿ ಠಾಕುರ್ಲಿ ಮುಟ್ಟಿದರು. ಅಲ್ಲಿಗೆ ಬೇಕೆಂದೇ ನಿಲ್ಲಿಸಿ, "ಕಲ್ಯಾಣ ನಾಳೆಗೆ ಇರ್ಲಿ ಅಕ್ಕಾ" ಎನ್ನುತ್ತಿದ್ದರು. ಅಕ್ಕ, "ಟಿಕೆಟ್ ಇಲ್ವಾ ಅಣ್ಣಾ?" ಎಂದು ನಗುತ್ತಿದ್ದರು. ಇದು ವರ್ಷಗಟ್ಟಲೆ ನಡೆಯಿತು.

ಅಕ್ಕನನ್ನೂ ನಾವು ಅದೇ ಕುರ್ಚಿಯಲ್ಲಿ ಮೂರು ಸಲ ಇಳಿಸಿದೆವು. ಎರಡು ಸಲ ಬೈಯುತ್ತಲೇ ವಾಪಸು ಬಂದರು. ಹೋದ ವರ್ಷ ಮೂರನೆಯ ಸಲ ಬರಲಿಲ್ಲ. ನಾವು ಒಂದು ನಿಮಿಷವೂ ತಡ ಮಾಡಿರಲಿಲ್ಲ, ಆದರೂ ಹೋದರು. ಮೆಟ್ಟಿಲ ತಿರುವಿನಲ್ಲಿ ಈಗ ಯಾರೂ ಏನೂ ಇಡುವುದಿಲ್ಲ, ಇಡಲು ನಾನು ಬಿಡುವುದಿಲ್ಲ. ಏದುಸಿರು ಬಿಟ್ಟವರನ್ನು ತಡೆದು ಸ್ಟೇಷನ್ ಕೇಳುವವಳೂ ಈಗ ನಾನೇ.

ಅವರನ್ನು ಕೊನೆಯ ಸಲ ಮನೆಗೆ ತಂದು ಮಲಗಿಸಿದ್ದಾಗ ಅಪ್ಪ ಹತ್ತಿರ ಹೋಗಿ ಕೈಮುಗಿದು ನಿಂತರು. "ಅಕ್ಕಾ, ಕೇಳ್ರಿ" ಎಂದು ಠಾಣೆಯಿಂದ ಶುರು ಮಾಡಿದರು. ಯಾರೂ ನಗಲಿಲ್ಲ. ಅಂದು ಅಪ್ಪ ಠಾಕುರ್ಲಿಯಲ್ಲಿ ನಿಲ್ಲಲಿಲ್ಲ. ಅದೇ ಉಸಿರಿನಲ್ಲಿ ಕಲ್ಯಾಣವನ್ನೂ ಹೇಳಿ ಮುಗಿಸಿದರು.