ಎಲ್ಮೈರಾ ಟ್ಯಾಂಟಿಯ ಜಾಮೀನು

ಓಣಿಗೆಲ್ಲ ದೊಡ್ಡಮ್ಮನಾದ ಎಲ್ಮೈರಾ ಟ್ಯಾಂಟಿ ಚರ್ಚಿನ ಟೋಪಿ ಹಾಕಿ, ಮನೆಪತ್ರ ಮಡಿಲಲ್ಲಿಟ್ಟುಕೊಂಡು ಕೋರ್ಟಿನ ಮೆಟ್ಟಿಲ ಮೇಲೆ ಕೂತಳೆಂದರೆ, ಯಾರದೋ ಮಗನಿಗೆ ಅವತ್ತು ಜಾಮೀನು ಸಿಕ್ಕಿತೆಂದೇ ಅರ್ಥ ಎನ್ನುವ ಕಾಲವೊಂದಿತ್ತು. ಅವಳ ಷರತ್ತು ನ್ಯಾಯಾಧೀಶರದ್ದಕ್ಕಿಂತ ಬಿಗಿ: ಹೊರಬಂದವನು ಪ್ರತಿ ಭಾನುವಾರ ಅವಳ ಮನೆಯಲ್ಲೇ ಉಣ್ಣಬೇಕು. "ನೀನು ಓಡಿಹೋದ್ರೆ ಹೋಗೋದು ನನ್ನ ಸೂರು ಕಣೋ. ಸುಮ್ನೆ ಸೊಪ್ಪಿನ ಸಾರು ಕುಡಿ," ಎನ್ನುತ್ತಿದ್ದಳು. ಕೊಲೆ ಆರೋಪ ಹೊತ್ತವರೂ ತಟ್ಟೆ ತೊಳೆದಿಟ್ಟು, ವಿಚಾರಣೆಗೆ ತಪ್ಪದೆ ಹೋಗುತ್ತಿದ್ದರು. ಸರ್ಕಾರ ಸಂವಿಧಾನ ತಿದ್ದಿ, ಕೊಲೆ ಆರೋಪಕ್ಕೆ ಜಾಮೀನೇ ಇಲ್ಲವೆಂದ ಮೇಲೆ ಆ ಊಟದ ಮೇಜು ಬರಿದಾಯಿತು. ಈಗ ಅದೇ ಆರೋಪ ಹೊತ್ತು ಜೈಲಿನೊಳಗಿರುವವನು ಅವಳದೇ ಮೊಮ್ಮಗ ಜೆರೆಲ್. "ಕಾನೂನು ಬದಲಾಯ್ತಲ್ಲ ಟ್ಯಾಂಟಿ, ಮನೆಗೆ ಹೋಗಿ," ಎಂದು ಮನೆಪತ್ರ ಹಿಡಿದು ಅದೇ ಮೆಟ್ಟಿಲ ಮೇಲೆ ಕೂತ ಅವಳಿಗೆ ಕೋರ್ಟಿನ ಗುಮಾಸ್ತ ದಿನವೂ ಹೇಳುತ್ತಾನೆ. "ಬದಲಾಗಿದ್ದು ಮತ್ತೆ ಬದಲಾಗ್ಬಹುದು. ನೀನು ಆ ಕಡೆ ಸರಿಯಪ್ಪ, ಬಾಗಿಲು ಕಾಣ್ತಿಲ್ಲ," ಎಂದು ಅವಳು ಟೋಪಿ ಸರಿಮಾಡಿಕೊಳ್ಳುತ್ತಾಳೆ.